ಬಿಟಿಐ ಪುಡಿ, ವೋಲ್ಬಾಕಿಯಾ ಸೊಳ್ಳೆ: ದಾವಣಗೆರೆ ಮನೆಗೆ ಯಾವುದು ಆಗುತ್ತೆ?

ಮುಂಗಾರು ಹಿಡಿಯುತ್ತಿದ್ದಂತೆ ಗೊಬ್ಬರದ ಅಂಗಡಿಗಳಲ್ಲಿ ಒಂದು ಬೇಡಿಕೆ ಶುರುವಾಗುತ್ತೆ: "ಅಣ್ಣಾ, ಸೊಳ್ಳೆಗೆ ಬ್ಯಾಕ್ಟೀರಿಯಾ ಬಂದೈತಂತಲ್ರೀ, ಡೆಂಗಿ ಬರಂಗಿಲ್ಲಂತೆ, ಒಂದ್ ಪಾಕೀಟ್ ಕೊಡ್ರಿ." ಇದರಲ್ಲಿ ಎರಡು ಬೇರೆ ಬೇರೆ ಸುದ್ದಿ ಕಲಸಿಹೋಗಿವೆ. ಪಾಕೀಟಿನಲ್ಲಿ ಸಿಗುವ ಬ್ಯಾಕ್ಟೀರಿಯಾ ಬಿಟಿಐ. ಅದು ನೀರಿನಲ್ಲಿರುವ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳುವನ್ನು ಕೊಲ್ಲುತ್ತದೆ. ಡೆಂಗಿ ವೈರಸ್ಸಿನ ಜತೆ ಅದಕ್ಕೆ ಯಾವ ಸಂಬಂಧವೂ ಇಲ್ಲ. ಡೆಂಗಿಯನ್ನೇ ತಡೆಯುವ ಬ್ಯಾಕ್ಟೀರಿಯಾ ವೋಲ್ಬಾಕಿಯಾ. ಅದು ಸೊಳ್ಳೆಯ ಜೀವಕೋಶದೊಳಗೆ ಕೂತು, ತಾಯಿಯಿಂದ ಮೊಟ್ಟೆಗೆ ದಾಟಿಕೊಂಡು ಬಾಳುತ್ತದೆ. ಅದನ್ನು ಪುಡಿ ಮಾಡಿ ಮಾರೋಕೆ ಬರುವುದಿಲ್ಲ. ಇಲ್ಲಿ ಎರಡನ್ನೂ ದಾವಣಗೆರೆ, ಚಿತ್ರದುರ್ಗದ ನೀರು, ಬಿಸಿಲು, ತೊಟ್ಟಿಗಳ ಲೆಕ್ಕದಲ್ಲೇ ಅಳೆದಿದ್ದೇವೆ. ಕೈಗೆ ಸಿಗುವ ಸರಕಿನಿಂದಲೇ ಶುರು ಮಾಡೋಣ.

ಬಿಟಿಐನ ಪೂರ್ತಿ ಹೆಸರು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ, ಸತ್ತ ಲಾರ್ವಾ ತುಂಬಿದ್ದ ನಿಂತ ನೀರಿನಿಂದ ಇದನ್ನು ಬೇರ್ಪಡಿಸಿದರು. ಹೆಸರಿನ ಕೊನೆಯ ಆ "ಇಸ್ರೇಲೆನ್ಸಿಸ್" ಎಂಬುದೇ ಖರೀದಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಯಾಕೆಂದರೆ ನಮ್ಮ ಕಡೆ ಗೊಬ್ಬರದ ಅಂಗಡಿಯಲ್ಲಿ "ಬಿಟಿ ಪುಡಿ" ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಕುರ್ಸ್ಟಾಕಿ ಎಂಬ ಇನ್ನೊಂದು ತಳಿ. ಅದು ಕಾಯಿಕೊರಕ, ಎಲೆ ತಿನ್ನುವ ಹುಳುಗಳಿಗೆ ಹೊಡೆಯುವಂಥದ್ದು. ಹತ್ತಿ, ತೊಗರಿ, ಟೊಮೆಟೊ ಬೆಳೆಯುವವರಿಗೆ ಅದು ಬೇಕು, ಹಾಗಾಗಿ ಅಂಗಡಿಯವರು ಅದನ್ನೇ ಇಟ್ಟಿರುತ್ತಾರೆ. ಸೊಳ್ಳೆ ಲಾರ್ವಾ ಇರುವ ಡ್ರಮ್ಮಿಗೆ ಅದನ್ನು ಎಷ್ಟು ಸುರಿದರೂ ನೀರು ರಾಡಿಯಾಗುತ್ತದೆ, ಲಾರ್ವಾ ಈಜಾಡಿಕೊಂಡೇ ಇರುತ್ತವೆ. ಅಂಗಡಿಯವರು ಮೋಸ ಮಾಡುತ್ತಿಲ್ಲ, ಅವರಿಗೂ ಎರಡೂ "ಬಿಟಿ"ಯೇ. ಪೊಟ್ಟಣ ತಿರುಗಿಸಿ ಇಸ್ರೇಲೆನ್ಸಿಸ್ ಅಂತ ಇದೆಯೇ, ಸೊಳ್ಳೆ ಲಾರ್ವಾ ಅಂತ ಬರೆದಿದೆಯೇ, ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ ಎಂದು ಓದಿಯೇ ದುಡ್ಡು ಕೊಡಬೇಕು.

ಇನ್ನೊಂದು ಸಾಲು ಓದಬೇಕು, ಅದನ್ನು ಹೆಚ್ಚಿನವರು ನೋಡುವುದೇ ಇಲ್ಲ. "5% ಡಬ್ಲ್ಯುಪಿ" ಎಂಬುದು ಪುಡಿಯ ತೂಕದ ಲೆಕ್ಕ, ಡಬ್ಲ್ಯುಪಿ ಅಂದರೆ ನೀರಲ್ಲಿ ಕಲಸುವ ಪುಡಿ. ಅದರ ಕೊಲ್ಲುವ ತಾಕತ್ತು ಎಷ್ಟು ಎಂಬುದನ್ನು ಐಟಿಯು ಎಂಬ ಅಳತೆಯಲ್ಲಿ, ಒಂದು ಮಿಲಿಗ್ರಾಂಗೆ ಇಷ್ಟು ಎಂದು ಹೇಳುತ್ತಾರೆ. ಒಂದೇ ಶೇಕಡಾವಾರಿನ ಎರಡು ಪೊಟ್ಟಣಗಳ ಐಟಿಯು ಬೇರೆ ಬೇರೆ ಇರಬಹುದು. ಐಟಿಯು ಬರೆದಿರುವ ಪೊಟ್ಟಣ, ಬರೆಯದ ಪೊಟ್ಟಣ ಎರಡೂ ಪಕ್ಕಪಕ್ಕ ಇದ್ದರೆ ಬರೆದಿರುವುದನ್ನೇ ತೆಗೆದುಕೊಳ್ಳಿ. ತಯಾರಾದ ತಿಂಗಳನ್ನೂ ನೋಡಿ. ತಗಡಿನ ಛಾವಣಿ ಕೆಳಗೆ ಎರಡು ಬೇಸಿಗೆ ಕಳೆದ ಸರಕಿನ ಮೇಲೆ ಅವಧಿ ಇನ್ನೂ ಇದ್ದರೂ ನಂಬುವಂತಿಲ್ಲ. ಗಂಟುಗಂಟಾಗಿ ಕಟ್ಟಿಕೊಂಡ ಪುಡಿ ತೇವ ಎಳೆದಿದೆ ಎಂದೇ ಅರ್ಥ, ವಾಪಸ್ ಕೊಡಿ. ನಮ್ಮ ದೇಶದಲ್ಲೇ ಬೇರ್ಪಡಿಸಿದ ಒಳ್ಳೆಯ ತಳಿಯೂ ಇದೆ. ಪುದುಚೇರಿಯಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ, ಅಂದರೆ ವಿಸಿಆರ್‌ಸಿ, ತನ್ನ ಬಿ17 ತಳಿಯ ತಂತ್ರಜ್ಞಾನವನ್ನು ಕಂಪನಿಗಳಿಗೆ ಕೊಟ್ಟಿದೆ. ಲೇಬಲ್ ಮೇಲೆ ಆ ಹೆಸರು ಕಂಡರೆ ಹಿಂಜರಿಯಬೇಕಿಲ್ಲ.

ಇದು ಕೊಲ್ಲುವ ಬಗೆ ಗೊತ್ತಿದ್ದರೆ ಬಳಸುವಾಗ ಆಗುವ ಅರ್ಧ ತಪ್ಪುಗಳು ತಾವಾಗಿಯೇ ತಪ್ಪುತ್ತವೆ. ಪುಡಿಯಲ್ಲಿರುವುದು ಪ್ರೋಟೀನ್ ಹರಳುಗಳು. ಲಾರ್ವಾ ನೀರನ್ನು ಸೋಸಿ ಸೋಸಿ ತಿನ್ನುವಾಗ ಹರಳು ಹೊಟ್ಟೆಗೆ ಹೋಗುತ್ತದೆ. ಸೊಳ್ಳೆ ಲಾರ್ವಾದ ಕರುಳು ಕ್ಷಾರೀಯ, ಅಲ್ಲಿ ಹರಳು ಕರಗಿ ಕರುಳಿನ ಗೋಡೆಯನ್ನು ತೂತು ಮಾಡುತ್ತದೆ. ನಾಲ್ಕು ಬಗೆಯ ವಿಷಪ್ರೋಟೀನ್ ಒಟ್ಟಿಗೆ ಕೆಲಸ ಮಾಡುವುದರಿಂದ ಸೊಳ್ಳೆಗಳು ಇದಕ್ಕೆ ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ, ರಾಸಾಯನಿಕಗಳಿಗಿಂತ ಇದರ ದೊಡ್ಡ ಹೆಚ್ಚುಗಾರಿಕೆ ಅದೇ. ಮನುಷ್ಯರ, ದನದ ಹೊಟ್ಟೆ ಆಮ್ಲೀಯ, ಆ ಹರಳು ಅಲ್ಲಿ ಹಾಗೆ ಕೆಲಸ ಮಾಡುವುದಿಲ್ಲ. ಮೀನಿಗೂ ತೊಂದರೆಯಿಲ್ಲ.

ತಿಂದರೆ ಮಾತ್ರ ಸಾಯುತ್ತದೆ ಎಂದಾಗ ಒಂದು ತೊಡಕು ಬರುತ್ತದೆ. ನೀರಿನಲ್ಲಿ ಅಲ್ಪವಿರಾಮದ ಆಕಾರದಲ್ಲಿ, ದಪ್ಪ ತಲೆ ಇಟ್ಟುಕೊಂಡು ಮುಟ್ಟಿದರೆ ಉರುಳಾಡುವುದು ಪ್ಯೂಪಾ. ಅದು ಏನನ್ನೂ ತಿನ್ನುವುದಿಲ್ಲ. ಪೂರ್ತಿ ಬೆಳೆದು ತಿನ್ನುವುದು ನಿಲ್ಲಿಸಿದ ಲಾರ್ವಾವೂ ಅಷ್ಟೆ. ಮೊಟ್ಟೆಗಂತೂ ಏನೂ ಆಗುವುದಿಲ್ಲ. ಹಾಗಾಗಿ ಪುಡಿ ಹಾಕಿದ ಮರುದಿನ, ಅದರ ಮರುದಿನ ಡ್ರಮ್ಮಿನಿಂದ ಸೊಳ್ಳೆ ಹಾರಿದರೆ "ಔಷಧ ಡೂಪ್ಲಿಕೇಟ್" ಎಂದು ತೀರ್ಮಾನಿಸಬೇಡಿ. ಪ್ಯೂಪಾ ತುಂಬಿದ ನೀರಿಗೆ ಬಿಟಿಐ ಹಾಕುವುದೇ ದಂಡ. ಆ ನೀರನ್ನು ಮಣ್ಣಿನ ನೆಲಕ್ಕೆ ಚೆಲ್ಲಬೇಕು, ಚರಂಡಿಗಲ್ಲ.

ಈಗ ಅಳತೆ. ಅಂತಿಮ ಮಾತು ಪೊಟ್ಟಣದ ಮೇಲಿನದೇ. 5% ಡಬ್ಲ್ಯುಪಿಗೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಳಕೆಯಲ್ಲಿರುವ ಪ್ರಮಾಣ ಹೆಕ್ಟೇರಿಗೆ 5 ಕಿಲೋ, 200 ಲೀಟರ್ ನೀರಿನಲ್ಲಿ ಕಲಸಿ. ಅದನ್ನು ಮನೆಯ ಲೆಕ್ಕಕ್ಕೆ ಇಳಿಸಿದರೆ ಲೀಟರಿಗೆ 25 ಗ್ರಾಂ ಪುಡಿ, ನೀರಿನ ಮೇಲ್ಮೈಯ ಒಂದು ಚದರ ಮೀಟರಿಗೆ 20 ಮಿಲಿ ದ್ರಾವಣ. ಗಮನಿಸಿ, ಲೆಕ್ಕ ಆಳದ್ದಲ್ಲ, ಮೇಲ್ಮೈಯದು. ಸಂಪು ಹತ್ತಡಿ ಆಳ ಇದೆ ಎಂದು ಹತ್ತು ಪಟ್ಟು ಹಾಕುವುದು ಬೇಡ. ಆರಡಿ ಉದ್ದ ಆರಡಿ ಅಗಲದ ಸಂಪಿನ ಮೇಲ್ಮೈ ಸುಮಾರು 3.3 ಚದರ ಮೀಟರ್, ಅದಕ್ಕೆ 67 ಮಿಲಿ ದ್ರಾವಣ ಸಾಕು. ಅದರಲ್ಲಿರುವ ಪುಡಿ ಎರಡು ಗ್ರಾಂ ಕೂಡ ಇಲ್ಲ. 200 ಲೀಟರಿನ ನೀಲಿ ಡ್ರಮ್ಮಿನ ಬಾಯಿ ಕಾಲು ಚದರ ಮೀಟರ್, ಅದಕ್ಕೆ 5 ಮಿಲಿ, ಅಂದರೆ ಹೆಚ್ಚುಕಮ್ಮಿ ನೀರಿನ ಬಾಟಲಿಯ ಒಂದು ಮುಚ್ಚಳ. ಇಷ್ಟು ಸಣ್ಣ ಪ್ರಮಾಣದ ಪುಡಿಯನ್ನು ನೇರವಾಗಿ ತೂಗಲು ಆಗುವುದಿಲ್ಲ. ಅಡುಗೆಮನೆಗೆ ಬಳಸದ ಸಣ್ಣ ತಕ್ಕಡಿಯಲ್ಲಿ 5 ಗ್ರಾಂ ತೂಗಿ 200 ಮಿಲಿ ನೀರಿಗೆ ಹಾಕಿ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ. ಅದು 10 ಚದರ ಮೀಟರಿಗೆ ಬರುತ್ತದೆ. ಮೊದಲು ಸ್ವಲ್ಪ ನೀರಲ್ಲಿ ಪುಡಿಯನ್ನು ಗಂಜಿಯಂತೆ ಕಲಸಿಕೊಂಡು ಆಮೇಲೆ ಉಳಿದ ನೀರು ಸೇರಿಸಿದರೆ ಗಂಟು ನಿಲ್ಲುವುದಿಲ್ಲ. ಪ್ರತಿ ಡ್ರಮ್ಮಿಗೆ ಹಾಕುವ ಮುಂಚೆ ಮತ್ತೆ ಅಲ್ಲಾಡಿಸಬೇಕು, ಪುಡಿ ಬೇಗ ತಳ ಹಿಡಿಯುತ್ತದೆ. ಬೆನ್ನಿಗೆ ಹಾಕುವ ಸ್ಪ್ರೇಯರಿನಲ್ಲಿ ಹೊಡೆಯುವವರು ತೆಳು ಬಟ್ಟೆಯಲ್ಲಿ ಸೋಸಿ ತುಂಬಿಸಿ, ಇಲ್ಲದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಕಳೆನಾಶಕ ಹೊಡೆದ ಸ್ಪ್ರೇಯರ್ ಆಗಿದ್ದರೆ ಆ ಕೆಲಸಕ್ಕೆ ಬೇಡವೇ ಬೇಡ. ಕಲಸಿದ್ದನ್ನು ಅಂದೇ ಮುಗಿಸಿ. ಪುಡಿ ತೂಗುವಾಗ ಮೂಗಿಗೆ ಮಾಸ್ಕ್ ಇರಲಿ, ಕಣ್ಣಿಗೆ ಬಿದ್ದರೆ ಉರಿಯುತ್ತದೆ.

ದಾವಣಗೆರೆಯಲ್ಲಿ ಇಂದಿಗೂ ಹಿತ್ತಿಲಲ್ಲಿ ಸಿಮೆಂಟ್ ತೊಟ್ಟಿ, ಬಚ್ಚಲ ಪಕ್ಕ ಡ್ರಮ್ಮು, ಅಂಗಳದಡಿ ಸಂಪು ಮೂರೂ ಇರುವ ಮನೆ ಹೇರಳ. ನಲ್ಲಿ ನೀರು ದಿನಾ ಬರದಿದ್ದಾಗ ಹಿಡಿದಿಟ್ಟುಕೊಳ್ಳುವ ಅಭ್ಯಾಸದಿಂದ ಬಂದ ವ್ಯವಸ್ಥೆ ಅದು, ನೀರು ಸುಧಾರಿಸಿದ ಮೇಲೂ ತೊಟ್ಟಿ ಉಳಿದುಕೊಂಡಿದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟೈಗೆ ಬೇಕಾದದ್ದು ಈ ತಿಳಿನೀರೇ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಮೊಟ್ಟೆ ನೀರಿನ ಮಟ್ಟಕ್ಕಿಂತ ಚೂರು ಮೇಲೆ, ತೊಟ್ಟಿಯ ಗೋಡೆಗೆ ಅಂಟಿಕೊಂಡಿರುತ್ತದೆ. ನೀರು ಖಾಲಿಯಾಗಿ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಹೀಗಾಗಿ ಖಾಲಿ ಮಾಡಲು ಬರುವ ತೊಟ್ಟಿ, ಡ್ರಮ್ಮು, ಕೂಲರಿನ ತಟ್ಟೆ, ದನದ ಬಾನಿ ಇವಕ್ಕೆ ಬಿಟಿಐ ಬಳಸುವುದು ನಮ್ಮ ಪ್ರಕಾರ ದುಡ್ಡು ಪೋಲು. ವಾರಕ್ಕೊಮ್ಮೆ ಚೆಲ್ಲಿ, ತೆಂಗಿನ ನಾರಿನಿಂದಲೋ ಬ್ರಷ್ಷಿನಿಂದಲೋ ಗೋಡೆ ಉಜ್ಜಿ, ಒಂದು ಬಿಸಿಲು ಒಣಗಿಸಿದರೆ ಮೊಟ್ಟೆಯೂ ಹೋಗುತ್ತದೆ. ಬಿಟಿಐ ಮುಟ್ಟಲಾರದ ಮೊಟ್ಟೆಯನ್ನು ನಾರು ತೆಗೆಯುತ್ತದೆ.

ಬಿಟಿಐ ನಿಜಕ್ಕೂ ಕಾಸಿಗೆ ತಕ್ಕ ಕೆಲಸ ಮಾಡುವುದು ಖಾಲಿ ಮಾಡಲಾಗದ ಕಡೆ. ಕಟ್ಟುತ್ತಿರುವ ಮನೆಯ ಲಿಫ್ಟ್ ಗುಂಡಿ, ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನಿಲ್ಲಿಸಿದ ಕ್ಯೂರಿಂಗ್ ನೀರು, ಗಿಡಗಳಿಗೆ ಮಾತ್ರ ಬಳಸುವ ಮಳೆನೀರಿನ ತೊಟ್ಟಿ, ಗ್ಯಾರೇಜು ಹಿಂದಿನ ಟೈರುಗಳ ರಾಶಿ. ಕ್ಯೂರಿಂಗ್ ನೀರಿನ ವಿಷಯ ಮೇಸ್ತ್ರಿಗಳಿಗೆ ಮೊದಲೇ ಹೇಳಿ ಇಡಬೇಕು. ವಾರಕ್ಕೊಮ್ಮೆ ಹೊಡೆದರೆ ಸಾಕು, ಕಾಂಕ್ರೀಟಿಗೆ ಏನೂ ಆಗುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಅಧಿಸೂಚಿಸಿದ ಮೇಲೆ, ಲಾರ್ವಾ ಸಿಕ್ಕರೆ ನಗರದಲ್ಲಿ ಮನೆಗೆ 400 ರೂಪಾಯಿ, ಅಂಗಡಿ ಕಚೇರಿಗಳಿಗೆ 1,000, ಕಟ್ಟಡ ಕಾಮಗಾರಿ ಮತ್ತು ಖಾಲಿ ನಿವೇಶನಕ್ಕೆ 2,000 ರೂಪಾಯಿ ದಂಡವೂ ಇದೆ. ಕಂಟ್ರಾಕ್ಟರನಿಗೆ ಒಂದು ಪೊಟ್ಟಣ ದಂಡಕ್ಕಿಂತ ಅಗ್ಗ ಬೀಳುತ್ತದೆ.

ಮಂಡಕ್ಕಿ ಭಟ್ಟಿಗಳವರು ಭತ್ತ ನೆನೆಹಾಕುವ ತೊಟ್ಟಿಗೆ ಹಾಕಬಹುದೇ ಎಂಬುದು ದಾವಣಗೆರೆಯಲ್ಲಿ ಮಾತ್ರ ಹುಟ್ಟಬಹುದಾದ ಪ್ರಶ್ನೆ. ಬೇಡ. ಭಟ್ಟಿ ನಡೆಯುವಾಗ ಆ ನೀರು ಬದಲಾಗುತ್ತಲೇ ಇರುತ್ತದೆ, ಸೊಳ್ಳೆಗೆ ಬೆಳೆಯಲು ಪುರುಸೊತ್ತಿಲ್ಲ. ತೊಂದರೆ ಬರುವುದು ಭಟ್ಟಿ ನಿಲ್ಲಿಸಿದ ದಿನಗಳಲ್ಲಿ, ತಳದಲ್ಲಿ ಗೇಣುದ್ದ ನೀರು ಬಿಟ್ಟು ಬೀಗ ಹಾಕಿದಾಗ. ಬೂಚು ತೆಗೆದು ಒಣಗಿಸಿ ಹೋದರೆ ಮುಗಿಯಿತು.

ಕುಡಿಯುವ ನೀರಿಗೆ? ಕುಡಿಯುವ ನೀರಿನ ಪಾತ್ರೆಗಳಿಗೆ ಬಿಟಿಐಯನ್ನು ಲೀಟರಿಗೆ 1ರಿಂದ 5 ಮಿಲಿಗ್ರಾಂ ಪ್ರಮಾಣದಲ್ಲಿ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ನಿಜ. ಆದರೆ ಅದು ಅಂಥ ಬಳಕೆಗೆಂದೇ ಪರೀಕ್ಷಿಸಿದ, ಬೇರೆ ಸೂಕ್ಷ್ಮಜೀವಿಗಳ ಕಲಬೆರಕೆ ಇಲ್ಲದ ತಯಾರಿಕೆಗೆ ಅನ್ವಯಿಸುವ ಮಾತು. ಕೈಯಲ್ಲಿರುವ ಪೊಟ್ಟಣದ ಮೇಲೆ ಕುಡಿಯುವ ನೀರಿಗೆ ಎಂದು ಬರೆದಿಲ್ಲವಾದರೆ ಬಳಕೆ ನೀರಿಗಷ್ಟೇ. ಸಂಪಿನ ನೀರನ್ನೇ ಕುಡಿಯುವವರು ಮುಚ್ಚಳದ ಸಂದು ಮುಚ್ಚಲಿ, ಗಾಳಿಕೊಳವೆಯ ಬಾಯಿಗೆ ಸೊಳ್ಳೆಬಲೆ ಕಟ್ಟಲಿ. ಸಂಪಿಗೆ ಸೊಳ್ಳೆ ಇಳಿಯುವುದು ಹೆಚ್ಚಾಗಿ ಈ ಎರಡು ಜಾಗದಿಂದಲೇ.

ಚರಂಡಿಗೆ ಬಿಟಿಐ ಹೊಡೆದು ನಿರಾಶರಾದವರು ಬಹಳ. ಕೊಳೆನೀರಿನಲ್ಲಿ ಲಾರ್ವಾಗೆ ತಿನ್ನಲು ಬೇಕಾದಷ್ಟು ಕಸ ಇರುತ್ತದೆ, ಹರಳು ಹೊಟ್ಟೆಗೆ ಹೋಗುವ ಪಾಲು ಕಡಿಮೆಯಾಗುತ್ತದೆ. ಹರಳು ರಾಡಿಗೆ ಅಂಟಿ ತಳ ಸೇರುತ್ತದೆ, ಬಿಸಿಲು ಅದನ್ನು ಕೆಡಿಸುತ್ತದೆ, ಹರಿವು ಕೊಚ್ಚಿಕೊಂಡು ಹೋಗುತ್ತದೆ. ಲೇಬಲ್ಲುಗಳು ಕೊಳೆನೀರಿಗೆ ಹೆಚ್ಚಿನ ಪ್ರಮಾಣ ಹೇಳುವುದು ಇದೇ ಕಾರಣಕ್ಕೆ. ಅಂಥ ನೀರಿಗೆ ಲೈಸಿನಿಬ್ಯಾಸಿಲಸ್ ಸ್ಫೇರಿಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ವಾಸಿ, ಸತ್ತ ಲಾರ್ವಾದೊಳಗೇ ಮತ್ತೆ ಬೆಳೆದು ಹೆಚ್ಚು ದಿನ ನಿಲ್ಲುತ್ತದೆ. ಆದರೆ ಅದು ಚರಂಡಿಯ ಕ್ಯೂಲೆಕ್ಸ್ ಸೊಳ್ಳೆಗೆ ಮಾತ್ರ ಚೆನ್ನಾಗಿ ನಾಟುತ್ತದೆ, ಈಡಿಸ್‌ಗೆ ಅಷ್ಟಕ್ಕಷ್ಟೆ. ಅದಕ್ಕೆ ಸೊಳ್ಳೆಗಳು ಒಗ್ಗಿಕೊಂಡ ಉದಾಹರಣೆಗಳೂ ಇವೆ.

ಚಿತ್ರದುರ್ಗದ ಹೊಂಡಗಳಿಗೆ, ಬಳಸದೆ ಬಿಟ್ಟ ಬಾವಿಗಳಿಗೆ, ಕಲ್ಲು ತೆಗೆದ ಕ್ವಾರಿ ಗುಂಡಿಗಳಿಗೆ ಬಿಟಿಐ ಸುರಿಯುತ್ತಾ ಕೂತರೆ ಪೂರೈಸುವುದಿಲ್ಲ. ವರ್ಷವಿಡೀ ನೀರಿರುವ ಕಡೆ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನು ಬಿಡುವುದೇ ಸರಿ. ಹೊರಗೆ ಹರಿಯುವ ಹಳ್ಳ ಕೆರೆಗೆ ಸೇರುವಂಥ ನೀರಿಗೆ ಗ್ಯಾಂಬೂಸಿಯಾ ಬೇಡ, ಅದು ಸ್ಥಳೀಯ ಮೀನಿನ ಮರಿಯನ್ನೂ ಬಿಡುವುದಿಲ್ಲ.

ಪುಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು, ಹೊಸ ಪೊಟ್ಟಣ ಒಡೆದಾಗಲೆಲ್ಲ ನೋಡಲೇಬೇಕು. ಎರಡು ಪಾರದರ್ಶಕ ಲೋಟ ತಗೊಳ್ಳಿ. ಒಂದೇ ಡ್ರಮ್ಮಿನ ನೀರನ್ನು ಎರಡಕ್ಕೂ ಹಾಕಿ, ತಲಾ ಇಪ್ಪತ್ತು ಸಣ್ಣ, ಮಧ್ಯಮ ಗಾತ್ರದ ಲಾರ್ವಾ ಬಿಡಿ, ಪ್ಯೂಪಾ ಇದ್ದರೆ ತೆಗೆದುಬಿಡಿ. ಒಂದು ಲೋಟಕ್ಕೆ ಮಾತ್ರ ದ್ರಾವಣದ ಒಂದೇ ಒಂದು ತೊಟ್ಟು. ಎರಡರ ಬಾಯಿಗೂ ಬಟ್ಟೆ ಕಟ್ಟಿ ನೆರಳಲ್ಲಿಡಿ. ಮೊದಲು ಈಡಿಸ್ ಲಾರ್ವಾ ಮೇಲ್ಮೈಗೆ ಬಾಲದ ಗಿಡ್ಡ ಕೊಳವೆ ತಾಗಿಸಿ ತಲೆಕೆಳಗಾಗಿ ಜೋತುಬಿದ್ದಿರುತ್ತದೆ, ಲೋಟ ತಟ್ಟಿದರೆ ಹಾವಿನಂತೆ ಬಳುಕುತ್ತಾ ತಳಕ್ಕೆ ಓಡುತ್ತದೆ. ಔಷಧ ತಗುಲಿದ ಲೋಟದಲ್ಲಿ ಕೆಲವೇ ಗಂಟೆಯಲ್ಲಿ ಈ ಓಟ ಮಂಕಾಗುತ್ತದೆ, ತಟ್ಟಿದರೂ ಒಂದೆರಡು ಬಾರಿ ಮಿಡುಕಿ ನಿಲ್ಲುತ್ತವೆ. 24 ಗಂಟೆಗೆ ತಳದಲ್ಲಿ ನೆಟ್ಟಗೆ ಬಿದ್ದಿರಬೇಕು. ಔಷಧ ಹಾಕದ ಲೋಟದಲ್ಲೂ ಸತ್ತಿದ್ದರೆ ನೀರಿನದೇ ಏನೋ ದೋಷ, ಪರೀಕ್ಷೆ ಮತ್ತೆ ಮಾಡಬೇಕು. ಎರಡರಲ್ಲೂ ಬದುಕಿದ್ದರೆ ಪೊಟ್ಟಣ ಸತ್ತಿದೆ, ಇಲ್ಲವೇ ಅದು ಕುರ್ಸ್ಟಾಕಿ.

ಆರೋಗ್ಯ ಇಲಾಖೆಯವರು ಹಾಕುವ ಅಬೇಟ್ ಜತೆ ಹೋಲಿಸಿದರೆ? ಅಬೇಟ್ ಅಂದರೆ ಟೆಮೆಫಾಸ್ ಎಂಬ ರಾಸಾಯನಿಕ. ಅದರ 50% ಇಸಿ, ಅಂದರೆ ನೀರಲ್ಲಿ ಬೆರೆಸುವ ದ್ರವವನ್ನು, 10 ಲೀಟರ್ ನೀರಿಗೆ 2.5 ಮಿಲಿಯಂತೆ ಕಲಸಿ ಹೊಡೆಯುತ್ತಾರೆ. ಅದು ತಿನ್ನದ ಲಾರ್ವಾಗೂ ತಾಗುತ್ತದೆ, ಕೆಲಸ ಚುರುಕು. ವಾಸನೆಯಿಂದಾಗಿ, ಇಲಾಖೆಯವರು ಆಚೆ ತಿರುಗಿದ ಕೂಡಲೇ ಜನ ತೊಟ್ಟಿ ಖಾಲಿ ಮಾಡಿಬಿಡುತ್ತಾರೆ, ಕೆಲವು ಊರುಗಳ ಸೊಳ್ಳೆ ಅದಕ್ಕೆ ಒಗ್ಗಿಯೂ ಹೋಗಿದೆ. ಹೊಗೆ ಬಿಡುವುದು ಲಾರ್ವಾಗೆ ಸಂಬಂಧವಿಲ್ಲದ ಕೆಲಸ. ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆ ಬೀಳುತ್ತದೆ, ಮಂಚದಡಿ, ಗೂಟದ ಬಟ್ಟೆ ಹಿಂದೆ ಕೂತ ಈಡಿಸ್ ಉಳಿಯುತ್ತದೆ.

ವೋಲ್ಬಾಕಿಯಾ ಬೇರೆಯದೇ ಜಾತಿಯ ಸರಕು. 1924ರಲ್ಲಿ ಹರ್ಟಿಗ್ ಮತ್ತು ವೋಲ್ಬಾಕ್ ಇದನ್ನು ಕ್ಯೂಲೆಕ್ಸ್ ಸೊಳ್ಳೆಯಲ್ಲಿ ಮೊದಲು ಕಂಡರು. ಕೀಟಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜಾತಿಗಳಲ್ಲಿ ಇದು ಸಹಜವಾಗಿಯೇ ಇದೆ, ಹಣ್ಣಿನ ನೊಣದಲ್ಲೂ ಇದೆ. ಈಡಿಸ್ ಈಜಿಪ್ಟೈಯಲ್ಲಿ ಮಾತ್ರ ಸಹಜವಾಗಿ ಇಲ್ಲ. ಆಸ್ಟ್ರೇಲಿಯದ ಸ್ಕಾಟ್ ಓ'ನೀಲ್ ಅವರ ತಂಡ ಹಣ್ಣಿನ ನೊಣದ ಡಬ್ಲ್ಯುಮೆಲ್ ಎಂಬ ತಳಿಯನ್ನು ಸೂಕ್ಷ್ಮ ಸೂಜಿಯಿಂದ ಈಡಿಸ್ ಮೊಟ್ಟೆಗೆ ಚುಚ್ಚಿ ನೆಲೆಗೊಳಿಸಿತು. ವಂಶವಾಹಿಯನ್ನು ತಿದ್ದುವ ಕೆಲಸ ಇದರಲ್ಲಿಲ್ಲ. ಈ ಬ್ಯಾಕ್ಟೀರಿಯಾ ಇರುವ ಸೊಳ್ಳೆಯೊಳಗೆ ಡೆಂಗಿ, ಚಿಕೂನ್‌ಗುನ್ಯಾ ವೈರಸ್ ಚೆನ್ನಾಗಿ ಹೆಚ್ಚುವುದಿಲ್ಲ. ವೈರಸ್ಸಿಗೂ ಬೇಕಾದ ಕೊಬ್ಬಿನಂಶಗಳನ್ನು ಬ್ಯಾಕ್ಟೀರಿಯಾ ಬಳಸಿಕೊಳ್ಳುವುದು, ಸೊಳ್ಳೆಯ ರೋಗನಿರೋಧಕ ಶಕ್ತಿಗೆ ಮೊದಲೇ ಚುರುಕು ಮುಟ್ಟಿಸುವುದು ಇದಕ್ಕೆ ಕಾರಣಗಳೆಂದು ಹೇಳುತ್ತಾರೆ. ಹರಡುವ ಉಪಾಯ ಸಂತಾನದಲ್ಲಿದೆ. ಬ್ಯಾಕ್ಟೀರಿಯಾ ಇರುವ ಗಂಡು, ಇಲ್ಲದ ಹೆಣ್ಣಿನ ಜತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಬ್ಯಾಕ್ಟೀರಿಯಾ ಇರುವ ಹೆಣ್ಣು ಯಾವ ಗಂಡನ್ನು ಕೂಡಿದರೂ ಮರಿಗಳಿಗೆಲ್ಲ ಬ್ಯಾಕ್ಟೀರಿಯಾ ಹೋಗುತ್ತದೆ. ತಲೆಮಾರು ಕಳೆದಂತೆ ಊರಿನ ಸೊಳ್ಳೆಯೆಲ್ಲ ಬದಲಾಗುತ್ತದೆ.

ಇದನ್ನು ಕೊಡುವ ಬಗೆಯೂ ಎರಡು, ಇವುಗಳ ಖರ್ಚಿನ ಲೆಕ್ಕ ಬೇರೆ. ಸಿಂಗಪುರ 2016ರಿಂದ ಗಂಡು ಸೊಳ್ಳೆಯನ್ನು ಮಾತ್ರ ಬಿಡುತ್ತಿದೆ. ಗಂಡು ಕಚ್ಚುವುದಿಲ್ಲ, ಹಾಗಾಗಿ ಜನರ ತಕರಾರು ಕಡಿಮೆ. ಆದರೆ ಬಿಡುವುದು ನಿಲ್ಲಿಸಿದರೆ ಸೊಳ್ಳೆ ಮರಳಿ ಬರುತ್ತದೆ, ಹೆಣ್ಣು ಗಂಡು ಬೇರ್ಪಡಿಸುವ ಕಾರ್ಖಾನೆಯೇ ಸದಾ ನಡೆಯುತ್ತಿರಬೇಕು. ಪಾಲಿಕೆಯ ಮಟ್ಟದ ದುಡ್ಡಿನಲ್ಲಿ ಇದು ಆಗುವ ಕೆಲಸವಲ್ಲ. ಇನ್ನೊಂದು, ಹೆಣ್ಣು ಗಂಡು ಎರಡನ್ನೂ ಬಿಟ್ಟು ಊರ ಸೊಳ್ಳೆಯನ್ನೇ ಬದಲಿಸುವುದು. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಊರನ್ನು 24 ಭಾಗ ಮಾಡಿ, ಚೀಟಿ ಎತ್ತಿದಂತೆ 12ರಲ್ಲಿ ಬಿಟ್ಟು, 12ರಲ್ಲಿ ಬಿಡದೆ ಹೋಲಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪರೀಕ್ಷೆಯಿಂದ ಖಚಿತಪಟ್ಟ ಡೆಂಗಿ 77% ಕಡಿಮೆ, ಆಸ್ಪತ್ರೆ ಸೇರಿದವರು 86% ಕಡಿಮೆ. ಸೊಳ್ಳೆ ನಿಯಂತ್ರಣದಲ್ಲಿ ಇಷ್ಟು ಕಟ್ಟುನಿಟ್ಟಾದ ಪ್ರಯೋಗದಲ್ಲಿ ಇಂಥ ಅಂಕಿ ಬರುವುದು ಅಪರೂಪ. ಸರಕಿನ ಗುಣದ ಬಗ್ಗೆ ನಮಗೆ ಅನುಮಾನವಿಲ್ಲ.

ಅನುಮಾನ ಇರುವುದು ನಮ್ಮ ಊರಿನಲ್ಲಿ ಇದನ್ನು ನಡೆಸುವ ಬಗ್ಗೆ. ಯೋಗ್ಯಕರ್ತದಲ್ಲಿ 50 ಮೀಟರಿಗೆ 50 ಮೀಟರ್ ಚೌಕ ಹಾಕಿ, ಚೌಕಕ್ಕೊಂದೋ ಎರಡೋ ಸಣ್ಣ ಬಕೆಟ್ ಮನೆಗಳ ಆವರಣದಲ್ಲಿ ಇಟ್ಟರು. ಬಕೆಟ್ಟಿನಲ್ಲಿ ಒಂದು ಲೀಟರ್ ನೀರು, ಸ್ವಲ್ಪ ಮೀನಿನ ಆಹಾರ, 100ರಿಂದ 150 ಮೊಟ್ಟೆ ಅಂಟಿದ ಪಟ್ಟಿ. ಎರಡು ವಾರಕ್ಕೊಮ್ಮೆ ಹೊಸದು. ಒಂದು ಚದರ ಕಿಲೋಮೀಟರಿಗೆ 400 ಚೌಕ ಬರುತ್ತದೆ. ಚೌಕಕ್ಕೊಂದೇ ಬಕೆಟ್ ಎಂದರೂ ಒಂದು ಸುತ್ತಿಗೆ 40ರಿಂದ 60 ಸಾವಿರ ಮೊಟ್ಟೆ, ಹನ್ನೆರಡು ಸುತ್ತಿಗೆ ಐದರಿಂದ ಏಳು ಲಕ್ಷ. ನಿಟ್ಟುವಳ್ಳಿ, ಕೆ.ಟಿ.ಜೆ. ನಗರದಂಥ ಒತ್ತೊತ್ತಾದ ಕಡೆ ಪ್ರತಿ ಚೌಕದಲ್ಲೂ ಒಬ್ಬ ಮನೆಯವರು ಒಪ್ಪಿ, ಬಕೆಟ್ಟನ್ನು ಆರು ತಿಂಗಳು ಕಾಪಾಡಬೇಕು. ಇರುವೆ ಮೊಟ್ಟೆ ತಿನ್ನುತ್ತದೆ, ಬಕೆಟ್ ಬಿಸಿಲಿಗೆ ಬಂದರೆ ಮರಿ ಬೆಂದುಹೋಗುತ್ತದೆ, ಹುಡುಗರು ಚೆಲ್ಲುತ್ತಾರೆ. ಅದಕ್ಕಿಂತ ದೊಡ್ಡ ಗೋಜು ಇನ್ನೊಂದು: ಇಷ್ಟು ವರ್ಷ "ನೀರು ನಿಲ್ಲಿಸಬೇಡಿ" ಎಂದು ಬಾಗಿಲು ತಟ್ಟಿದ ಆಶಾ ಕಾರ್ಯಕರ್ತೆಯೇ ಈಗ ಲಾರ್ವಾ ತುಂಬಿದ ಬಕೆಟ್ ಇಟ್ಟು ಹೋಗಬೇಕು. "ಏನ್ ಅಕ್ಕೋರೆ, ಮೊನ್ನೆ ದಂಡ ಹಾಕ್ತೀವಿ ಅಂದ್ರಿ, ಈಗ ನೀವೇ ಸೊಳ್ಳೆ ಸಾಕ್ತೀರಿ?" ಎಂದು ಕೇಳುವವರಿಗೆ ಉತ್ತರ ಮೊದಲೇ ಸಿದ್ಧವಿರಬೇಕು.

ಬಿಸಿಲಿನ ಪ್ರಶ್ನೆ ನಮಗೆ ಮುಖ್ಯ. ದಿನಕ್ಕೆ 26ರಿಂದ 37 ಡಿಗ್ರಿ ನಡುವೆ ಏರಿಳಿಯುವ ನೀರಿನಲ್ಲಿ ಬೆಳೆದ ಸೊಳ್ಳೆಯಲ್ಲಿ ಡಬ್ಲ್ಯುಮೆಲ್ ತಳಿ ಬಹಳ ಕುಗ್ಗುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯ ತಾರಸಿ ಮೇಲಿನ ಡ್ರಮ್ಮಿನ ನೀರು ಅದಕ್ಕಿಂತ ಬಿಸಿಯಾಗದೆ ಇರದು. ಸಮಾಧಾನದ ಸಂಗತಿಯೂ ಇದೆ. 2018ರ ನವೆಂಬರ್‌ನಲ್ಲಿ ಆಸ್ಟ್ರೇಲಿಯದ ಕೇರ್ನ್ಸ್‌ನಲ್ಲಿ ಬಿಸಿಗಾಳಿ ಬೀಸಿ 43.6 ಡಿಗ್ರಿ ಮುಟ್ಟಿದಾಗ ಬ್ಯಾಕ್ಟೀರಿಯಾ ಇರುವ ಸೊಳ್ಳೆಯ ಪಾಲು ಇಳಿಯಿತು, ಕೆಲವೇ ತಿಂಗಳಲ್ಲಿ ಮತ್ತೆ ಮೇಲೆ ಬಂತು. ಸಂಪು, ನೆರಳಿನ ತೊಟ್ಟಿ ಇರುವವರೆಗೆ ತಳಿ ಅಲ್ಲಿ ಉಳಿದುಕೊಳ್ಳುತ್ತದೆ. ಶಾಖ ತಡೆಯುವ ಡಬ್ಲ್ಯುಆಲ್ಬ್‌ಬಿ ಎಂಬ ಇನ್ನೊಂದು ತಳಿಯನ್ನು ಮಲೇಷ್ಯಾದ ಕ್ವಾಲಾಲಂಪುರದಲ್ಲಿ ಬಳಸಿದ್ದಾರೆ. ನಮ್ಮ ಕಡೆಗೆ, ಅದರಲ್ಲೂ ಚಿತ್ರದುರ್ಗ, ಚಳ್ಳಕೆರೆಯ ಬಿಸಿಲಿಗೆ, ಆಯ್ಕೆ ಇದ್ದರೆ ಅದನ್ನೇ ಕೇಳಬೇಕು.

ಬಿಡುವ ಸೊಳ್ಳೆ ಸ್ಥಳೀಯ ಸೊಳ್ಳೆಯಷ್ಟೇ ಗಟ್ಟಿ ಇರಬೇಕು. ಬ್ರೆಜಿಲ್‌ನ ರಿಯೊ ಡಿ ಜನೈರೊದ ಒಂದು ಬಡಾವಣೆಯಲ್ಲಿ ಮೊದಲ ಪ್ರಯತ್ನ ಸೋತದ್ದು ಇದೇ ಕಾರಣಕ್ಕೆ. ಅಲ್ಲಿನ ಸೊಳ್ಳೆ ಪೈರೆಥ್ರಾಯ್ಡ್ ಎಂಬ ಕೀಟನಾಶಕಕ್ಕೆ ಒಗ್ಗಿತ್ತು, ಬಿಟ್ಟದ್ದು ಒಗ್ಗಿರಲಿಲ್ಲ. ಮನೆಗಳಲ್ಲಿ ಹೊಡೆದ ಸ್ಪ್ರೇಗೆ ಬಿಟ್ಟದ್ದೇ ಸತ್ತುಹೋಯಿತು. ಸ್ಥಳೀಯ ಸೊಳ್ಳೆ ಜತೆ ತಲೆಮಾರುಗಟ್ಟಲೆ ಕೂಡಿಸಿ ಮತ್ತೆ ಬಿಟ್ಟಾಗ ನೆಲೆ ನಿಂತಿತು. ಕಾಯಿಲ್, ಲಿಕ್ವಿಡ್, ಫಾಗಿಂಗ್ ಇಷ್ಟು ನಡೆಯುವ ನಮ್ಮಲ್ಲಿ ಈ ಪಾಠ ಮರೆಯುವಂತಿಲ್ಲ. ಪುದುಚೇರಿಯ ವಿಸಿಆರ್‌ಸಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದಿಂದ ಪಡೆದ ಮೊಟ್ಟೆಯಿಂದ, ಅಲ್ಲಿನ ಸ್ಥಳೀಯ ಈಡಿಸ್ ಜತೆ ಕೂಡಿಸಿ ಎರಡೂ ತಳಿಗಳ ಸೊಳ್ಳೆ ಸಂತಾನವನ್ನು ಸಿದ್ಧಪಡಿಸಿರುವುದಾಗಿ 2022ರಲ್ಲಿ ತಿಳಿಸಿತು. ಊರಿಗೆ ಬಿಡಬೇಕಾದರೆ ಸರ್ಕಾರದ ಅನುಮತಿ ಬೇಕು, ಯಾವುದೇ ಖಾಸಗಿಯವರು ತಂದು ಬಿಡುವಂಥದ್ದಲ್ಲ.

ಬಂದರೂ ದಾವಣಗೆರೆಯವರಿಗೆ ಮೊದಲ ಅನಿಸಿಕೆ "ಏನೂ ಕಡಿಮೆಯಾಗಿಲ್ಲ" ಎಂದೇ ಆಗುತ್ತದೆ. ಸಂಜೆ ಬಾಗಿಲಲ್ಲಿ ಗುಂಯ್ ಅನ್ನುವುದು, ರಾತ್ರಿ ನಿದ್ದೆ ಕೆಡಿಸುವುದು ಚರಂಡಿಯ ಕ್ಯೂಲೆಕ್ಸ್. ಅದರಲ್ಲಿ ತನ್ನದೇ ವೋಲ್ಬಾಕಿಯಾ ಮೊದಲಿನಿಂದಲೂ ಇದೆ, ಈ ಯೋಜನೆ ಅದನ್ನು ಮುಟ್ಟುವುದೇ ಇಲ್ಲ. ಹೆಣ್ಣೂ ಬಿಡುವುದರಿಂದ ಮೊದಲ ತಿಂಗಳುಗಳಲ್ಲಿ ಹಗಲಿನ ಕಡಿತ ಹೆಚ್ಚಾಗಲೂಬಹುದು. ಅಳೆಯಬೇಕಾದ್ದು ಕಡಿತವನ್ನಲ್ಲ, ಆಸ್ಪತ್ರೆಯ ಡೆಂಗಿ ಪಟ್ಟಿಯನ್ನು, ಬಲೆಗೆ ಬಿದ್ದ ಈಡಿಸ್‌ನಲ್ಲಿ ಎಷ್ಟು ಪಾಲಿಗೆ ಬ್ಯಾಕ್ಟೀರಿಯಾ ಇದೆ ಎಂಬ, ಪಿಸಿಆರ್ ಎಂಬ ಪ್ರಯೋಗಾಲಯ ಪರೀಕ್ಷೆಯ ಲೆಕ್ಕವನ್ನು. ಆ ಲೆಕ್ಕ ಇಡಲು ವ್ಯವಸ್ಥೆ ಇಲ್ಲದೆ ಬಕೆಟ್ ಹಂಚಿದರೆ ಅದು ಬರೀ ಫೋಟೋ ಕಾರ್ಯಕ್ರಮ. ಚರಂಡಿ ಸೊಳ್ಳೆಗೆ ಬೇಕಾದ್ದು ಹೂಳು ತೆಗೆಯುವವರು, ಅದಕ್ಕೆ ಯಾವ ಬ್ಯಾಕ್ಟೀರಿಯಾವೂ ಬದಲಿಯಲ್ಲ.

ಹೀಗಿರುವಾಗ "ವೋಲ್ಬಾಕಿಯಾ ದ್ರಾವಣ", "ಡೆಂಗಿ ನಿರೋಧಕ ಬ್ಯಾಕ್ಟೀರಿಯಾ ಸ್ಪ್ರೇ" ಎಂದು ಬಾಟಲಿಯಲ್ಲಿ ಯಾರಾದರೂ ಮಾರಿದರೆ ಅದು ಸುಳ್ಳು. ಜೀವಕೋಶದ ಹೊರಗೆ ಬಾಳದ ಬ್ಯಾಕ್ಟೀರಿಯಾ ಅದು, ನೀರಿಗೆ ಹಾಕಿದರೆ ಸೊಳ್ಳೆಯೊಳಗೆ ಹೋಗಿ ಸೇರಿಕೊಳ್ಳುವುದಿಲ್ಲ.

ಪುಡಿ ಕೊಳ್ಳುವವರಿಗೆ ಪೊಟ್ಟಣದ ಗಾತ್ರದ ಬಗ್ಗೆ ಒಂದು ಲೆಕ್ಕ. ಖಾಲಿ ಮಾಡಲಾಗದ ನಾಲ್ಕು ಡ್ರಮ್ಮು, ಒಂದು ಆರಡಿ ಸಂಪು ಇರುವ ಮನೆಗೆ ವಾರಕ್ಕೆ ಬೇಕಾದ್ದು ಎರಡು ಗ್ರಾಂ ಚಿಲ್ಲರೆ. ಅರ್ಧ ಕಿಲೋ ಪೊಟ್ಟಣ ಕೊಂಡರೆ ನಾಲ್ಕು ವರ್ಷಕ್ಕೂ ಮೀರಿ ಬರಬೇಕು, ಅಷ್ಟರೊಳಗೆ ಅದು ಕೆಟ್ಟು ಬಹಳ ಕಾಲವಾಗಿರುತ್ತದೆ. ಬೀದಿಯ ಇಪ್ಪತ್ತು ಮೂವತ್ತು ಮನೆಯವರು ಸೇರಿ ಒಂದು ತಂದು, ಒಬ್ಬರು ಕಲಸಿ ಒಂದೇ ದಿನ ಎಲ್ಲ ಮನೆಗೂ ಹಾಕುವುದು ಲಾಭ. ಸೊಳ್ಳೆ ಪಕ್ಕದ ಮನೆಯಿಂದಲೂ ಬರುವುದರಿಂದ ಗುಣವೂ ಆಗಲೇ ಕಾಣುತ್ತದೆ. ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ತೆರೆದ ತಾರೀಖು ಬರೆದು, ಮಕ್ಕಳ ಕೈಗೆ ಸಿಗದ ತಂಪಾದ ಕಪಾಟಿನಲ್ಲಿಡಿ. ತಗಡಿನ ಶೆಡ್ಡಿನಲ್ಲಿ, ಗೊಬ್ಬರದ ಚೀಲದ ಪಕ್ಕ ಬೇಡ.